ನಾಕಾದಲ್ಲಿ ನಿಂತ ಕಬ್ಬು

ಶೇಡಬಾಳ
ತಾ. ೧೧-೨-೧೯೮೮

ಪ್ರೀತಿಯ ಮಗಳು ಮಂಗಲಳಿಗೆ ನಿನ್ನ ಅಪ್ಪನ ಮನಸಾರೆ ಆಶೀರ್ವಾದ.

ನಿಪ್ಪಾಣಿಯಲ್ಲಿ ನೀನೂ ಅಳಿಯಂದಿರು ನೇಮಿನಾಥರೂ ಆರಾಮ ಇದ್ದೀರಷ್ಟೇ? ನಿನ್ನ ಕೆಮ್ಮು ಹೋಯಿತೇ? ತಂಬಾಕಿನ ಘಾಟಿನ ಊರು ಅದು, ಬಿಸಿನೀರೇ ಕುಡಿ. ನಿನ್ನವ್ವ ಮೆಣಸಿನಕಾಯಿ ಚಟ್ನಿ ಕುಟ್ಟಿಟ್ಟಿದ್ದಾಳೆ. ಕೆಮ್ಮು ಪೂರಾ ಹೋದ ಮೇಲೆಯೇ ಕಳಿಸುತ್ತಾಳಂತೆ.

ಇನ್ನು ಇಲ್ಲಿಯ ಸುದ್ದಿ. ನಿನ್ನೆ ನಡೆದದ್ದನ್ನು ನಿನಗೆ ಹೇಳಲೇಬೇಕು. ಬಾವಿ ಹೊಲದ ಕಬ್ಬು ಹೂ ಬಿಟ್ಟು ಒಣಗಲು ಹತ್ತಿತ್ತು. ಕಾರ್ಖಾನೆಯವರು ಇವತ್ತು ನಾಳೆ ಅನ್ನುತ್ತ ಕಡಿಯುವ ಚೀಟಿಯನ್ನೇ ಕೊಡಲಿಲ್ಲ. ರಾಜ್ಯದ ಗಡಿಯಾಚೆ ಬೆಲ್ಲದ ಗಾಣ ನಡೆಸುವ ಜ್ಞಾನದೇವ, 'ಈಗಿಂದೀಗ ತರ್ರಿ, ಚಲೋ ದರ ಕೊಡ್ತೀನಿ' ಅಂದ. ಅರ್ಧ ಹೊಲ ಕಡಿಸಿ, ಟ್ರ್ಯಾಕ್ಟರಿಗೆ ಹೇರಿಸಿ, ನಾನೇ ಮುಂದೆ ಕುಳಿತು ಹೊರಟೆ. ಗಡಿಯ ತಪಾಸಣೆ ನಾಕಾದಲ್ಲಿ ತಡೆದರು. ಈ ಭಾಗದ ಕಬ್ಬು ಈ ಭಾಗದ ಕಾರ್ಖಾನೆಗೇ ಹೋಗಬೇಕಂತೆ, ಗಡಿ ದಾಟಿಸಿದರೆ ಕಳ್ಳಸಾಗಣೆಯಂತೆ! ಅಲ್ಲಾ, ಹಗಲು ರಾತ್ರಿ ನೀರು ಹಾಯಿಸಿದ ನಾನು ಕಳ್ಳನೇ? ತಲೆ ಕೆಟ್ಟುಹೋಯಿತು. ಟೇಬಲ್ ಕುಟ್ಟಿ ಒದರಿದೆ: 'ನನ್ನ ಹೊಲಾ, ನನ್ನ ಬೆಳಿ! ಮನಸಿಗೆ ಬಂದವರಿಗೆ ಮಾರ್ತೀನಿ. ಕೇಳಾಕ ನೀವ್ಯಾರ್ರಿ?' ಸುತ್ತಲಿನ ಗಾಡಿಯವರೆಲ್ಲ 'ಹೌದ್ರಿ, ಖರೇ ಐತ್ರಿ' ಅಂದರು. ನನಗೂ ಹುರುಪು ಬಂದು ಇನ್ನೆರಡು ಸಲ ಒದರಿದೆ.

ನಾಕಾದ ಸಾಹೇಬ ಸಿಟ್ಟಾಗಲಿಲ್ಲ. ಹೊಲದ ಉತಾರ, ಅದೇ ಪಹಣಿ, ಕೇಳಿದ. ಸರ್ವೆ ನಂಬರ್ ಒಂದೇ ನೋಡಿಕೊಂಡು ತಂದಿದ್ದ ಕಾಗದ, ಜಂಬದಿಂದಲೇ ಕೊಟ್ಟೆ. ಅವನು ಮಾಲೀಕರ ಹೆಸರಿನ ಮೇಲೆ ಬೆರಳಿಟ್ಟು, 'ಇದರಾಗ ನಿಮ್ಮ ಹೆಸರ ಇಲ್ಲಲ್ರಿ ಯಜಮಾನ್ರ. ಮಂಗಲ ಅಂದ್ರ ಯಾರು? ಅವರನ್ನ ಕೇಳಿ ಕಬ್ಬ ಕಡಿಸೀರೇನು?' ಅಂದ.

ಕಬ್ಬಿನ ಟ್ರ್ಯಾಕ್ಟರನ್ನು ನಾಕಾದಲ್ಲೇ ಬಿಟ್ಟು ಮನೆಗೆ ಬಂದೆ ಮಗಳೆ. ಭೂಮಿತಿ ಕಾಯ್ದೆ ಬಂದಾಗ, ಹೆಚ್ಚಿನ ಹೊಲ ಸರ್ಕಾರಕ್ಕೆ ಹೋದೀತೆಂದು ಹೆದರಿ, ಹತ್ತು ಮಂದಿ ಮಾಡಿದಂತೆ ನಾನೂ ಮಕ್ಕಳ ಹೆಸರಿಗೆ ಹಚ್ಚಿಸಿದ್ದೆ. ಆಗ ನಿನಗೆ ಎಂಟು ವರ್ಷ. ಅದು ಬರೇ ಕಾಗದದ ಮಾತು ಅಂದುಕೊಂಡು ಮರೆತೇಬಿಟ್ಟೆ, ನಿನಗೆ ಹೇಳಲೂ ಇಲ್ಲ. ಹದಿನಾಲ್ಕು ವರ್ಷ ಆ ಹೊಲದ ಬೆಳೆ ಉಂಡೆ. ನಿನ್ನವ್ವನಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದಳು.

ಅಳಿಯಂದಿರಿಗೆ ನನ್ನ ಜಯ ಜಿನೇಂದ್ರ ತಿಳಿಸು. ನೂರು ಕಾಲ ಸುಖವಾಗಿರು.

ನಿನ್ನ ಅಪ್ಪ,
ತಾತ್ಯಾಸಾಹೇಬ

ತಾ.ಕ.: ಟಪಾಲಿನವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ದೀಪಾವಳಿಗೆ ಬಂದಾಗ ನೀನು ಹೊಲಿಗೆ ಅಂಗಡಿ ಹಾಕಲು ನೆರವು ಕೇಳಿದ್ದೆ. 'ಲಗ್ನ ಮಾಡಿ ಕೊಟ್ಟಾತು, ಇನ್ನ ಇಲ್ಲಿ ನಿಂದೇನೈತಿ?' ಅಂದುಬಿಟ್ಟೆ. ನೀನು ಚೀಲ ತೆಗೆದುಕೊಂಡು ಬಸ್ಸು ಹತ್ತಿದೆ. ಉತಾರವನ್ನು ಇದರೊಳಗೆ ಇಟ್ಟಿದ್ದೇನೆ, ಓದು. ಅರ್ಧ ಕಬ್ಬು ಇನ್ನೂ ಹೊಲದಲ್ಲಿ ನಿಂತಿದೆ. ಒಣಗಿದರೆ ಒಣಗಲಿ, ನೀನು ಬಂದು ಕಡಿ ಅನ್ನುವತನಕ ನಾನು ಕುಡುಗೋಲು ಹಚ್ಚುವುದಿಲ್ಲ.