ಗಾಲಿಯಿದ್ದ ಗರುಡ

ಗುಮ್ಮಘಟ್ಟ ಪಕ್ಕದ ನಮ್ಮ ಹಟ್ಟಿಯಿಂದ,
ಶ್ರಾವಣ ಸೋಮವಾರ, 2004

ನಮ್ಮ ಮನೆಯವರಿಗೆ ಕೃಷ್ಣವೇಣಿಯ ನಮಸ್ಕಾರಗಳು.

ಗಂಡನ ಹೆಸರು ಹೇಳಬಾರದಂತೆ. ಕವರಿನ ಮೇಲೆ ಮಾತ್ರ ಬರೆದಿದ್ದೇನೆ, ಅಂಚೆಯವನಿಗೆ ಬೇಕಲ್ಲ. ನೀವು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಎರಡು ಯುಗಾದಿ ಆದವು. ಅಂಗಿಗಳಿಗೆ ಇಸ್ತ್ರಿ ಹಾಕುತ್ತಾ ಹಾಕುತ್ತಾ ನಮ್ಮ ನೆನಪನ್ನೂ ಮಡಚಿ ಇಟ್ಟುಬಿಟ್ಟಿರಾ ಹೇಗೆ?

ಇಲ್ಲೊಂದು ಸಂಗತಿ ನಡೆದಿದೆ. ನಿಧಿ ಹುಡುಕುವ ಇಬ್ಬರು ನಮ್ಮ ಕುರಿರೊಪ್ಪಕ್ಕೆ ಮಿಷನ್ನು ತಂದಿದ್ದರು. ಬಟ್ಟೆಯಲ್ಲಿ ಮುರಿದ ಸೂಜಿ ಉಳಿದರೆ ಕೂಗುವ ಮಿಷನ್ನು ನಿಮ್ಮಲ್ಲಿದೆ ಎಂದಿದ್ದಿರಲ್ಲ, ಅದರ ಅಣ್ಣ ಇದು. ಕುಂಯ್ ಅಂದ ಕಡೆ ಅಗೆದರು. ಕಿಲುಬು ಹಿಡಿದ ಬಿಲ್ಲೆಯೊಂದು ಸಿಕ್ಕಿತು. ಚಿನ್ನವಲ್ಲವೆಂದು ಎಸೆದು ಹೋದರು. ಪಕ್ಕದ ಮನೆಯ ಸುಂಕಮ್ಮ ಎತ್ತಿ ನೋಡಿ, “ಅಯ್ಯೋ, ರೆಕ್ಕಿ ಅದಾವಲ್ಲೇ! ಗರುಡಪ್ಪ!” ಎಂದು ಕೂಗಿದಳು. ಅಷ್ಟೇ, ಅರಿಸಿನ ಕುಂಕುಮ ಬಿತ್ತು. ಸ್ಥಾಪನೆಗೆ ಮನೆಯ ಗಂಡಹೆಂಡತಿ ಜೋಡಿಯಾಗಿ ಪೂಜೆಗೆ ಕೂರಬೇಕೆಂದ ಪೂಜಾರಿ ಓಬಯ್ಯ. ಈಗ ನೀರಿಗೆ ಹೋದರೂ ಅದೇ ಮಾತು: “ನಿನ್ ಗಂಡ ಯಾವಾಗ ಬರ್ತಾನವ್ವ?” ಶನಿವಾರದ ಸ್ಥಾಪನೆಗೆ ಬರುತ್ತಾರೆ ಎಂದುಬಿಟ್ಟೆ.

ಬೆಳ್ಳಿ ಕಟ್ಟು ಹಾಕಿಸಲು ರಾಯದುರ್ಗದ ಅಕ್ಕಸಾಲಿ ಆದಿನಾರಾಯಣ ಅವರ ಹತ್ತಿರ ಒಯ್ದೆ. ಹುಣಸೆಹಣ್ಣು ಹಚ್ಚಿ ಉಜ್ಜಿದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ ನಕ್ಕರು. “ನೋಡ್ರಿ ತಂಗೀ, ಗರುಡಗ ಗಾಲಿ ಇರ್ತಾವೇನು? ಇದು ಇಮಾನ.” ಅಂಚಿನಲ್ಲಿದ್ದ ಇಂಗ್ಲಿಷ್ ಓದಿ ಹೇಳಿದರು. ಹಿಂದೆ ಯಾವುದೋ ಕಂಪನಿ ಮೊದಲ ಸಲ ವಿಮಾನ ಹಾರಿಸಿದಾಗ ನೆನಪಿಗೆಂದು ಹಂಚಿದ ಹಿತ್ತಾಳೆ ಬಿಲ್ಲೆಯಂತೆ. ಆ ವಿಮಾನ ಹತ್ತಿದ ಪುಣ್ಯಾತ್ಮ ಯಾರೋ, ನಮ್ಮ ರೊಪ್ಪದಲ್ಲಿ ಬೀಳಿಸಿದ್ದು ಹೇಗೋ!

ಬಸ್ಸಿನಲ್ಲಿ ಒಬ್ಬಳೇ ಕೂತಾಗ ಮೊದಲು ನಗು ಬಂತು, ಆಮೇಲೆ ಅಳು. ಮನೆಗೆ ಬಂದು ಮತ್ತೆ ಅರಿಸಿನ ಮೆತ್ತಿ ಗೂಡಿನಲ್ಲಿಟ್ಟೆ. ಯಾರಿಗೂ ಹೇಳಿಲ್ಲ. ಹೇಳಿದರೆ ಪೂಜೆ ನಿಲ್ಲುತ್ತದೆ. ನಿಮ್ಮನ್ನು ಕರೆಯಲು ನನಗೆ ಬೇರೆ ನೆಪವಿಲ್ಲ. ಊರಿಗೆಲ್ಲ ಸುಳ್ಳು ಹೇಳಿದರೂ ನಿಮಗೆ ಹೇಳಲಾರೆ. ಒಬ್ಬಳೇ ಇದ್ದು ಸಾಕಾಗಿದೆ. ಬಂದುಬಿಡಿ.

ನಿಮ್ಮ ದಾರಿ ನೋಡುತ್ತಿರುವ,
ಕೃಷ್ಣವೇಣಿ

ಇನ್ನೊಂದು ಮಾತು: ಗಂಡ ಬರದಿದ್ದರೆ ಅವನ ಟವೆಲ್ ಪಕ್ಕದಲ್ಲಿಟ್ಟುಕೊಂಡು ಕೂತರೂ ನಡೆಯುತ್ತದೆ ಎಂದು ಓಬಯ್ಯ ನಿನ್ನೆ ಹೇಳಿದ. ಮನೆಯಲ್ಲಿ ನಿಮ್ಮ ಟವೆಲ್ ಒಂದೂ ಇಲ್ಲ ಎಂದೆ. ಇದೆ. ದಿಂಬಿಗೆ ಸುತ್ತಿಕೊಂಡು ಮಲಗುತ್ತೇನೆ.