ಎಡಗೈಗೆ ಎಣ್ಣೆಯ ಬಲ

ಫೆಬ್ರವರಿ 11, ಬೆಳಗ್ಗೆ

ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮುಗಿಯಿತು. ಎಡಗೈ ಬೆರಳುಗಳು ನಿನ್ನೆಯ ಪೆನ್ಸಿಲ್ ಗೆರೆ ದಾಟಿದವು. ಸ್ವಲ್ಪವೇ. ದಾಟಿದ್ದು ದಾಟಿದ್ದೇ.

ಆಮೇಲೆ ಶೆಡ್ಡಿಗೆ ಹೋಗಿ ಜೀಪು ಸ್ಟಾರ್ಟ್ ಮಾಡಿದೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿ ನೋಡಿದೆ. ಕಾಲು ಸುತ್ತು ಬಂತು. ಅಷ್ಟರಲ್ಲಿ ಕಂಕುಳಿನಿಂದ ಮೊಣಕೈವರೆಗೆ ಯಾರೋ ತಂತಿ ಜಗ್ಗಿದ ಹಾಗೆ... ಬಿಟ್ಟೆ.

ಎದೆಯ ಗಡ್ಡೆ ತೆಗೆದರು, ಕಂಕುಳಿನ ಗಂಟುಗಳನ್ನೂ ತೆಗೆದರು. ರೋಗ ಹೋಯಿತು ಎಂದರು ಡಾಕ್ಟರು. ಹೋಗುವಾಗ ಕೈಯ ಬಲವನ್ನೂ ಜೊತೆಗೆ ಕರೆದೊಯ್ದಿತು. ಕೈಯೇ ಕೈ ಕೊಟ್ಟರೆ ಯಾರಿಗೆ ಹೇಳುವುದು?

ಇವರು ಬಾಗಿಲಲ್ಲಿ ನಿಂತು ನೋಡಿದರು. ಕನ್ನಡಕ ಒರೆಸಿಕೊಂಡು ಅಂಗಡಿಗೆ ಹೋದರು. ದಿನವಿಡೀ ಕನ್ನಡಕ ಮಾರುವ ಮನುಷ್ಯ, ಮಾತು ಬೇಡವಾದಾಗಲೆಲ್ಲ ತಮ್ಮದನ್ನೇ ಒರೆಸುತ್ತಾರೆ.

ಫೆಬ್ರವರಿ 14

ಆಫೀಸಿನ ಸಾಹೇಬರು ಕರೆಸಿದರು. ಬೆಟ್ಟದ ತುದಿಯ ವೈರ್‌ಲೆಸ್ ಟವರ್ ನೋಡಿಕೊಳ್ಳುವ ಕೆಲಸ ಇನ್ನು ನನ್ನ ಪಾಲಿಗಿಲ್ಲವಂತೆ. ಕೆಳಗೆ ಆಫೀಸಿನಲ್ಲೇ ಸ್ಟೋರ್ ನೋಡಿಕೊಂಡಿರಬೇಕಂತೆ. ಫ್ಯಾನ್ ಇದೆ, ಕುರ್ಚಿಗೆ ಹೊಸ ದಿಂಬು ಹಾಕಿಸಿದ್ದೇವೆ ಎಂದರು. ಮೇಲೆ ಯಾರು ಹೋಗುತ್ತಾರೆ ಎಂದು ಕೇಳಿದೆ. ಏಜೆನ್ಸಿಯಿಂದ ಯಾರೋ ಬರುತ್ತಾರಂತೆ.

ಯಾರೋ! ಜೀಪು ನನ್ನದು. ಆ ಬಂಡೆದಾರಿ ನನ್ನ ಅಂಗೈ ರೇಖೆಯಷ್ಟು ಪರಿಚಯ. ಅಲ್ಲಿನ ಯಾವ ಬ್ಯಾಟರಿ ಯಾವಾಗ ಮುನಿಸಿಕೊಳ್ಳುತ್ತದೆ ಎಂಬುದೂ ಗೊತ್ತು. ಟವರ್ ಮೂಕವಾದರೆ ಆಚೆ ಕಣಿವೆಯಲ್ಲಿ ಓಡಾಡುವ ಆಂಬುಲೆನ್ಸಿಗೆ ಯಾರ ಕೂಗೂ ಮುಟ್ಟುವುದಿಲ್ಲ. ಅದನ್ನು ನಾನು ದಿಂಬಿನ ಮೇಲೆ ಕೂತು ನೋಡಬೇಕು.

ತಿಂಗಳ ಕೊನೆವರೆಗೆ ಬಿಡಿ, ಗಾಡಿ ಹತ್ತಿಸಿ ತೋರಿಸುತ್ತೇನೆ ಎಂದೆ. ಆಗಲಮ್ಮ ಎಂದರು, ಕರುಣೆಯಿಂದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಫೆಬ್ರವರಿ 15

ನೇರ ನಾದಿನಿಯ ವರ್ಕ್‌ಶಾಪಿಗೆ. ಮಣ್ಣೆತ್ತುವ ದೊಡ್ಡ ಯಂತ್ರಗಳ ಸಿಲಿಂಡರ್ ರಿಪೇರಿ ಅವಳ ಕಸುಬು. ಅಣ್ಣ ಕನ್ನಡಕದ ಸ್ಕ್ರೂ ಬಿಗಿಮಾಡಿದರೆ ತಂಗಿ ತೊಡೆ ಗಾತ್ರದ ಬೋಲ್ಟ್ ಬಿಚ್ಚುತ್ತಾಳೆ. ಒಂದೇ ತಾಯಿಯ ಮಕ್ಕಳು ಎಂದರೆ ಯಾರೂ ನಂಬುವುದಿಲ್ಲ.

ಜೀಪಿನ ಕೆಳಗೆ ಮಲಗಿ ಬಹಳ ಹೊತ್ತು ನೋಡಿದಳು. ಹೊರಗೆ ಬಂದವಳೇ ಅಂದಳು:

“ಅತ್ತಿಗೆ, ಕೈಗೆ ಬಲ ಬರೋ ತನಕ ಯಾಕೆ ಕಾಯ್ತೀರಾ? ಬಲಾನ ಗಾಡಿಗೇ ಹಾಕೋಣ.”

ಪವರ್ ಸ್ಟಿಯರಿಂಗ್ ಈಗಲೂ ಇದೆ. ರಸ್ತೆಗೆ ಸಾಕು. ಆದರೆ ಈ ದಪ್ಪ ಟೈರುಗಳು ಎರಡು ಬಂಡೆಗಳ ನಡುವೆ ಸಿಕ್ಕಾಗ ಸಾಲದು. ಅದಕ್ಕೇ ಇನ್ನೊಂದು ಸಿಲಿಂಡರ್. ಅದರ ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ತುದಿ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿಗೆ. ನಾನು ಸ್ಟಿಯರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಆಯಿಲ್ ಆ ಸಿಲಿಂಡರಿಗೆ ನುಗ್ಗಿ ಚಕ್ರವನ್ನು ನೂಕುತ್ತದೆ. ಹಳೆಯ ಜೋಡಣೆಯೂ ಹಾಗೇ ಇರುತ್ತದೆ. ಆಯಿಲ್ ಹೋದರೂ ಗಾಡಿ ತಿರುಗುತ್ತದೆ. ಜೋರು ಬೇಕು, ಅಷ್ಟೆ.

ನನ್ನ ಕೈಗೆ ಸಮಾಧಾನ ಹೇಳದ ಮೊದಲ ಮನುಷ್ಯ ಇವಳೇ.

ಫೆಬ್ರವರಿ 18

ಸ್ಟಿಯರಿಂಗ್ ಬಾಕ್ಸ್ ಬಿಚ್ಚಿ ಬೆಂಚಿನ ಮೇಲಿಟ್ಟೆವು. ಆಯಿಲ್ ಹೊರಗೆ ತರಲು ಎರಡು ತೂತು. ನಾದಿನಿ ಕೊರೆದಳು, ಹೋಸು ತಿರುಗಿಸಿ ಕೂರಿಸಲು ಒಳಗೆ ಸ್ಕ್ರೂ ಗೆರೆ ಹಾಕಿದಳು. ಒಳಗೆ ಕಬ್ಬಿಣದ ಒಂದು ಚೂರು ಉಳಿದರೂ ಪಂಪು, ವಾಲ್ವು ಎರಡಕ್ಕೂ ಗಂಡಾಂತರವಂತೆ. ತೊಳೆಯುವ ಕೆಲಸ ನನ್ನದು. ಸೀಮೆಎಣ್ಣೆಯಲ್ಲಿ ತೊಳೆದೆ, ಗಾಳಿ ಹೊಡೆದೆ, ಮತ್ತೆ ತೊಳೆದೆ. ಎಡಗೈಯಲ್ಲಿ ಟಾರ್ಚ್. ನಡುಗಲಿಲ್ಲ.

ಮನೆಗೆ ಬಂದಾಗ ಮೈಯೆಲ್ಲ ಆಯಿಲ್ ವಾಸನೆ. ಆರು ತಿಂಗಳಿಂದ ಆಸ್ಪತ್ರೆ ವಾಸನೆ ಹೊತ್ತವಳಿಗೆ ಇದು ಸುಗಂಧ. ಇವರು ಏನಾದರೂ ಕೇಳಲಿ ಎಂದು ಕಾದೆ. ಕೇಳಲಿಲ್ಲ.

ಫೆಬ್ರವರಿ 22

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದೆವು. ಸ್ಟಿಯರಿಂಗ್ ಕಲ್ಲು. ಜಪ್ಪಯ್ಯ ಅಂದರೂ ಅಲುಗಲಿಲ್ಲ!

ನಾದಿನಿ ಬಗ್ಗಿ ನೋಡಿ ನಕ್ಕುಬಿಟ್ಟಳು. ಎರಡು ಹೋಸುಗಳು ಅದಲು ಬದಲು. ಬಾಕ್ಸ್ ಎಡಕ್ಕೆ ಎಳೆಯುತ್ತಿದೆ, ಸಿಲಿಂಡರ್ ಬಲಕ್ಕೆ ನೂಕುತ್ತಿದೆ. ಗಂಡ ಹೆಂಡತಿ ಸಂಸಾರ ಎಂದಳು. ಬದಲಾಯಿಸಿದೆವು. ಮುಂದಿನ ಚಕ್ರ ಎರಡನ್ನೂ ಜ್ಯಾಕಿನ ಮೇಲೆ ಎತ್ತಿ, ಎಂಜಿನ್ ಆಫ್ ಮಾಡಿ, ಈ ಕೊನೆಯಿಂದ ಆ ಕೊನೆಗೆ ನಿಧಾನ ತಿರುಗಿಸುತ್ತ ಹೋದೆ. ಸ್ಟಿಯರಿಂಗ್ ಆಯಿಲಿನ ಡಬ್ಬಿಯಲ್ಲಿ ಗುಳ್ಳೆಗಳು. ಒಳಗಿನ ಗಾಳಿಯೆಲ್ಲ ಹೊರಗೆ. ಕೊನೆಗೆ ಆಯಿಲ್ ತಿಳಿಯಾಯಿತು.

ಮತ್ತೆ ಸ್ಟಾರ್ಟ್. ಚಕ್ರ ಇಳಿಸಿ, ನಿಂತಲ್ಲೇ, ಎಡಗೈ ಒಂದರಲ್ಲೇ —

ತಿರುಗಿತು. ಬೆಣ್ಣೆ.

ನಾದಿನಿಗೆ ಕಾಣಬಾರದೆಂದು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬಗ್ಗಿ ಅತ್ತುಬಿಟ್ಟೆ.

ಫೆಬ್ರವರಿ 24

ಹತ್ತಿಸಿ ತೋರಿಸುವ ದಿನ ಗೊತ್ತುಮಾಡಲು ಆಫೀಸಿಗೆ ಹೋದೆ. ನಮಗೇನು ಹಟ ಇಲ್ಲಮ್ಮ ಎಂದರು ಸಾಹೇಬರು. ನಿಮ್ಮ ಮನೆಯವರೇ ಬಂದು, ಅವಳನ್ನು ಬೆಟ್ಟಕ್ಕೆ ಕಳಿಸಬೇಡಿ ಎಂದು ಕೈಮುಗಿದು ಹೋದರು ಎಂದರು.

ಇವರು! ದಿಂಬಿನ ಐಡಿಯಾ ಕೂಡ ಇವರದೇ ಇರಬೇಕು.

ಸಂಜೆ ಕೇಳಿದೆ. ನಾನಿನ್ನೂ ಆಫೀಸು ಅನ್ನುವಷ್ಟರಲ್ಲೇ ಕೈ ಕನ್ನಡಕಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

“ನಿನ್ನ ಜೀವ ಮುಖ್ಯ ಅನ್ನಿಸ್ತು” ಎಂದರು.

“ಜೀವ ಅಂದ್ರೆ ಬರೀ ಉಸಿರಾ? ಅದಕ್ಕಾದ್ರೆ ಆಸ್ಪತ್ರೆ ಮಂಚನೇ ಸಾಕಿತ್ತು.”

ಇವರು ಆ ಆರು ತಿಂಗಳು ನನ್ನ ತಲೆ ಬಾಚಿದ್ದಾರೆ, ಕೂದಲು ಉದುರಿದ ಮೇಲೆ ತಲೆಗೆ ಎಣ್ಣೆ ಹಚ್ಚಿದ್ದಾರೆ. ಗೊತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ. ಋಣ ಇರುವವರ ಮೇಲೆ ಸರಿಯಾಗಿ ಕೂಗಾಡಲೂ ಆಗುವುದಿಲ್ಲ.

ಫೆಬ್ರವರಿ 28, ಸಂಜೆ

ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಬರೆಯಲೂ ಇಲ್ಲ.

ಇವತ್ತು ಬೆಟ್ಟ. ಸಾಹೇಬರಿಗೆ ಬೆನ್ನುನೋವಂತೆ. ಬೇಡ ಎಂದವರೇ ಪಕ್ಕದಲ್ಲಿ ಕೂತು ನೋಡಿ ಹೇಳಲಿ, ಅವರ ಮಾತೇ ಕೊನೆ ಎಂದು ಫೋನಿನಲ್ಲಿ ತೀರ್ಪು. ನನ್ನ ಕೈಗೆ ಗಂಡನ ಸರ್ಟಿಫಿಕೇಟ್! ಬೈಯಲು ಬಾಯಿ ತೆರೆದೆ. ಮುಚ್ಚಿದೆ. ಬನ್ನಿ ಕೂತ್ಕೊಳ್ಳಿ ಎಂದೆ. ನಾಲ್ಕು ದಿನದಲ್ಲಿ ಅದೇ ಮೊದಲ ಮಾತು.

ಬಂಡೆದಾರಿ ಶುರುವಾಗುತ್ತಲೇ ಇವರು ಹಿಡಿಕೆ ಹಿಡಿದು ಕಣ್ಣು ಮುಚ್ಚಿದರು. ನೋಡಲಿಕ್ಕೆ ಬಂದವರು! ಕಣ್ಣು ಬಿಡಿ ಎಂದು ಗದರಿಸಿದೆ. ಮೊದಲೆಲ್ಲ ಇಡೀ ಭುಜ ಹಾಕಿ ಎಳೆಯಬೇಕಿದ್ದ ತಿರುವಿನಲ್ಲಿ ಅಂಗೈ ಇಟ್ಟೆ, ಗಾಡಿ ಬಂತು. ಒಂದು ಕಡೆ ಬಂಡೆ ಚಕ್ರಕ್ಕೆ ಗುದ್ದಿತು. ಹಳೇ ದಿನಗಳಾಗಿದ್ದರೆ ಸ್ಟಿಯರಿಂಗ್ ಗಿರ್ರನೆ ತಿರುಗಿ ಹೆಬ್ಬೆರಳು ಮುರಿಯುತ್ತಿತ್ತು. ಈಗ ಆ ಪೆಟ್ಟನ್ನು ಸಿಲಿಂಡರ್ ನುಂಗಿತು. ತುದಿ ಮುಟ್ಟಿದೆವು. ಟವರಿನ ಬುಡದಲ್ಲಿ ಗಾಳಿ. ಬ್ಯಾಟರಿಗಳನ್ನು ಮಾತಾಡಿಸಿ ಬಂದೆ.

ಇಳಿಯುವಾಗ ಕೆಳಗಿನಿಂದ ಬುಸ್ ಎಂದಿತು. ಸ್ಟಿಯರಿಂಗ್ ಭಾರ. ಬ್ರೇಕ್ ಹಾಕಿ ಎಂಜಿನ್ ಆಫ್ ಮಾಡಿದೆ. ಒಂದು ಹೋಸ್ ಬಂಡೆಗೆ ಉಜ್ಜಿ ಒಡೆದಿತ್ತು. ನೆಲವೆಲ್ಲ ಆಯಿಲ್.

ಇವರ ಮುಖ ನೋಡಿದೆ. ಮುಗಿಯಿತು, ಇವರಿಗೆ ಇದೊಂದು ಸಾಕು ಅನ್ನಿಸಿತು. ಮಾತು ಬೇಡ ಎಂದು ಚೀಲ ತೆಗೆದೆ. ನಾದಿನಿ ಇನ್ನೊಂದು ಹೋಸು, ಒಂದು ಡಬ್ಬಿ ಆಯಿಲ್ ತುಂಬಿಸಿಯೇ ಕಳಿಸಿದ್ದಳು. ಚಕ್ರಗಳಿಗೆ ಕಲ್ಲು ಕೊಟ್ಟು ಗಾಡಿಯ ಕೆಳಗೆ ನುಸುಳಿದೆ. ನಟ್ ಬಿಗಿ. ಎಡಗೈ ಹಿಡಿಯಿತು, ಬಲಗೈ ತಿರುಗಿಸಿತು. ಪಕ್ಕದಲ್ಲಿ ಸರಬರ ಸದ್ದು. ತಿರುಗಿದರೆ ಇವರು, ಇಸ್ತ್ರಿ ಅಂಗಿಯಲ್ಲೇ ಆಯಿಲ್ ಮೇಲೆ ಮಲಗಿಕೊಂಡು, ನಾನು ಕೇಳುವ ಮೊದಲೇ ಸ್ಪ್ಯಾನರ್ ಚಾಚಿದ್ದಾರೆ. ಅಳತೆ ಸರಿಯಾಗಿತ್ತು.

“ಆಪರೇಷನ್ ದಿನ ಹೊರಗೆ ಕೂರಿಸಿದ್ರು” ಎಂದರು, ಆಕ್ಸಲ್ ನೋಡುತ್ತ. “ಏನೂ ಮಾಡೋ ಹಾಗಿರ್ಲಿಲ್ಲ. ಆವತ್ತಿಂದ ಹೆದರಿಕೆ ಬಿಟ್ಟಿಲ್ಲ ಕಣೇ.”

ಆ ಚಿಕ್ಕ ಸ್ಪ್ಯಾನರ್ ಕೊಡಿ ಎಂದೆ. ಕೊಟ್ಟರು.

ಆಯಿಲ್ ತುಂಬಿಸಿ, ಗಾಳಿ ತೆಗೆದು, ಇಳಿದು ಬಂದೆವು. ಮನೆಗೆ ಬಂದು ಕೈ ಕೂಡ ತೊಳೆಯದೆ ಇವರೇ ಸಾಹೇಬರಿಗೆ ಫೋನ್ ಮಾಡಿದರು. ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತೆ.

“ದಾರೀಲಿ ಹೋಸ್ ಒಡೀತು ಸರ್. ಅವಳೇ ಬದಲಾಯಿಸಿದ್ಲು. ಇನ್ಮೇಲೆ ಅವಳ ವಿಷಯ ನನ್ನ ಕೇಳ್ಬೇಡಿ. ಅವಳನ್ನೇ ಕೇಳಿ.”

ಕ್ಷಮಿಸಿದೆನಾ? ಇನ್ನೂ ಇಲ್ಲ. ಆದರೆ ಅನ್ನ ಬಡಿಸಿದೆ, ಎದುರು ಕೂತು ಉಂಡೆ.

ಮಾರ್ಚ್ 9, ಮಧ್ಯಾಹ್ನ

ಬೆಳಗ್ಗೆಯಿಂದ ಗುಡುಗು. ಈಗ ಸಾಹೇಬರ ಫೋನ್. ಟವರ್ ಮೂಕ. ನನ್ನ ಆರ್ಡರ್ ಇನ್ನೂ ಬಂದಿಲ್ಲ; ಅಲ್ಲಿಯವರೆಗೆಂದು ಇಟ್ಟುಕೊಂಡ ಏಜೆನ್ಸಿಯವನು ಮೊದಲ ತಿರುವಿನಿಂದಲೇ ವಾಪಸು ಬಂದಿದ್ದಾನೆ. ನಿಮಗೆ ಹೋಗೋಕಾಗುತ್ತಾ ಎಂದು ಕೇಳಿದರು.

ಆಗುತ್ತಾ ಅಂತ ಕೇಳಬೇಡಿ, ಎಷ್ಟು ಹೊತ್ತಿಗೆ ಅಂತ ಕೇಳಿ ಎಂದೆ.

ಹೋಸುಗಳಿಗೆ ಮೇಲಿನಿಂದ ರಬ್ಬರ್ ಕವಚ ಹಾಕಿದ್ದಾಗಿದೆ. ಎಂಜಿನ್ ಬಿಸಿಯಾಗುತ್ತಿದೆ. ತಡೆಯುವುದಾದರೆ ಇವರಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ — ಮಳೆ, ಮಂಜು, ಒದ್ದೆ ಬಂಡೆ. ಕಿಟಕಿಯಿಂದ ನೋಡಿದೆ. ಗೇಟು ಪೂರಾ ತೆರೆದು, ನೆನೆಯುತ್ತ ನಿಂತಿದ್ದಾರೆ. ಬರಲಾ ಎಂದು ಕೇಳುತ್ತಿಲ್ಲ, ಹುಷಾರು ಎಂದೂ ಅನ್ನುತ್ತಿಲ್ಲ. ಕೇಳಲಿ ಎಂದು ನಾನು ಕಾಯುವುದಿಲ್ಲ. ಪಕ್ಕದ ಸೀಟು ಖಾಲಿ ಇದೆ ಎಂದು ನಾನೇ ಹೋಗಿ ಹೇಳುತ್ತೇನೆ.