ಮುನಿರಾಜು ಏಟು ತಿನ್ನದ ದಿನ

ಅಪ್ಪಾ,

ನೀನು ಹೋಗಿ ಆರು ವರ್ಷ ಆಯ್ತು. ಆದ್ರೂ ಇವತ್ತಿನ ವಿಷಯ ನಿನಗೇ ಹೇಳಬೇಕು ಅನ್ನಿಸ್ತು.

ಮುಳಬಾಗಿಲಿನ ಗ್ರಂಥಾಲಯದಲ್ಲಿ ನನ್ನ ಕಾದಂಬರಿ ಬಗ್ಗೆ ಮಾತುಕತೆ ಇತ್ತು. ಅದರ ನಾಯಕ ಮುನಿರಾಜು ಎಂಟನೇ ವಯಸ್ಸಲ್ಲಿ ರೇಷ್ಮೆಹುಳದ ತಟ್ಟೆ ಬೀಳಿಸಿ, ಅಪ್ಪನ ಕೈಲಿ ಹಗ್ಗದೇಟು ತಿಂದು, ಮನೆ ಬಿಟ್ಟು ಓಡಿಹೋಗಿ ದೊಡ್ಡ ಮನುಷ್ಯ ಆಗ್ತಾನೆ.

ಆವನಿಯಿಂದ ಬಂದಿದ್ದ ಆವಲಮ್ಮ ಅನ್ನೋ ಅಜ್ಜಿ ಎದ್ದು ಕೇಳಿದ್ರು: "ಅವರಪ್ಪ ಹೊಡೀದೇ ಇದ್ದಿದ್ರೆ ಅವನು ಏನಾಗ್ತಿದ್ದನಮ್ಮಾ?"

"ಕಥೇನೇ ಇರ್ತಿರಲಿಲ್ಲ" ಅಂದೆ. ಎಲ್ಲರೂ ನಕ್ಕರು.

ಅಜ್ಜಿ ನಗಲಿಲ್ಲ. "ಕಥೆ ಹಾಳಾಗಿ ಹೋಗ್ಲಿ, ಮಗು ಚೆನ್ನಾಗಿರ್ತಿತ್ತು ತಾನೇ?" ಅಂದ್ರು.

ಮನೆಗೆ ಬಂದು ಆ ಅಧ್ಯಾಯ ಮತ್ತೆ ಬರೆಯೋಕೆ ಕೂತೆ. ತಟ್ಟೆ ಬಿತ್ತು. ಅವನಪ್ಪ ಓಡಿಬಂದು, "ಹೋಗ್ಲಿ ಬಿಡೋ, ಕಾಲಿಗೇನೂ ಆಗ್ಲಿಲ್ವಲ್ಲ?" ಅಂದ. ಆ ಒಂದು ಮಾತು ಬರೆಯೋಕೆ ನನಗೆ ಒಂದು ಗಂಟೆ ಹಿಡೀತು.

ಆಮೇಲೆ ಮುನಿರಾಜು ಊರಲ್ಲೇ ಉಳಿದ, ರಾಗಿ ಬೆಳೆದ, ಮದುವೆಯಾದ. ಒಂದು ದಿನ ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ಹೆಂಡತಿ ಅವನ ಪಕ್ಕದಲ್ಲೇ ಕೈ ಎತ್ತಿದಳು. ಏಟು ಬೀಳುತ್ತೆ ಅಂತ ಅವನು ತಲೆ ಮುಚ್ಚಿಕೊಳ್ಳಲಿಲ್ಲ.

ಅಲ್ಲಿಗೆ ಬರೆಯೋದು ನಿಲ್ಲಿಸಿಬಿಟ್ಟೆ. ಅಂಥ ಮನುಷ್ಯ ಮುಂದೆ ಹೇಗೆ ಬದುಕ್ತಾನೆ ಅಂತ ನನಗೆ ಗೊತ್ತಿಲ್ಲ ಅಪ್ಪಾ.

ನಿನ್ನ ಮಗಳು,
ಶಿರೀಷಾ